ಪಂಪಿಗೆ ಎಣ್ಣೆ ಹಾಕುವವರು

ಜಡೆಯಮ್ಮನ ಕೈ ಹೋದೀತೆಂಬ ಹೆದರಿಕೆಯಿಂದ ನಾನು ಆ ಪತ್ರ ಬರೆದೆ. ಅದರಿಂದ ಅವಳ ಕೆಲಸವೇ ಹೋಗುವ ಹಾಗಾಯಿತು. ನಾನು ತಪ್ಪಿದ್ದು ಎಲ್ಲಿ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಈಗಲೂ ಖಚಿತವಾಗಿ ಹೇಳಲು ಬರುವುದಿಲ್ಲ.

ಅದು 1979. ತಾಳವಾಡಿಯಿಂದ ಜೀರಹಳ್ಳಿಗೆ ಹೋಗುವ ದಾರಿಯ ಪಕ್ಕದ ಒಂದು ಜಲ್ಲಿ ಕ್ರಷರಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಮೈಸೂರಿನಲ್ಲಿ ಹಗಲೆಲ್ಲ ಲೇತ್ ಅಂಗಡಿಯಲ್ಲಿ ದುಡಿದು, ಮೂರು ವರ್ಷ ಸಂಜೆ ತರಗತಿಯಲ್ಲಿ ಕೂತು, ಸರ್ಟಿಫಿಕೇಟು ಹಿಡಿದುಕೊಂಡು ಬಂದವನು. ಸಂಜೆ ಓದಿದವರಿಗೆ ಒಂದು ಕೊರಗು ಇದ್ದೇ ಇರುತ್ತದೆ, ಹಗಲು ಓದಿದವರಿಗೆ ಮೇಷ್ಟ್ರು ಏನೋ ಹೆಚ್ಚಿಗೆ ಹೇಳಿಕೊಟ್ಟಿರಬೇಕು ಎಂದು. ನನ್ನ ವಿಷಯದಲ್ಲಿ ಅದು ನಿಜವೂ ಆಗಿತ್ತು. ಯಂತ್ರಗಳಿಗೆ ಎಣ್ಣೆ ಹಾಕುವ ಪಾಠ ಶುರುವಾದ ಸಂಜೆ ಕರೆಂಟು ಹೋಯಿತು. ಮರುದಿನ ಮೇಷ್ಟ್ರು ಮುಂದಿನ ಪಾಠಕ್ಕೆ ಹೋದರು. ಕೈ ಎತ್ತಿ ಕೇಳಬೇಕಿತ್ತು, ಕೇಳಲಿಲ್ಲ.

ಕ್ರಷರ್ ಎಂದರೆ ಎರಡು ಕಬ್ಬಿಣದ ದವಡೆ. ಒಂದು ಸುಮ್ಮನೆ ನಿಂತಿರುತ್ತದೆ, ಇನ್ನೊಂದು ಅಗಿಯುತ್ತದೆ. ಮೇಲಿನಿಂದ ಬಂಡೆ ಹಾಕಿದರೆ ಕೆಳಗೆ ಜಲ್ಲಿ ಬೀಳುತ್ತದೆ. ಅಗಿಯುವ ದವಡೆಗೂ ಅದನ್ನು ಆಡಿಸುವ ಗಾಲಿಗೂ ಒಟ್ಟು ಹನ್ನೆರಡು ಕಡೆ ಎಣ್ಣೆ ಬೇಕು. ಒಂದು ಕಡೆ ತಪ್ಪಿದರೂ ಬೇರಿಂಗು ಕಾದು, ಕಿರುಚಿ, ಕೊನೆಗೆ ಹಿಡಿದುಕೊಳ್ಳುತ್ತದೆ. ಆ ಹನ್ನೆರಡಕ್ಕೂ ಕೊಕ್ಕರೆ ಮೂತಿಯ ಡಬ್ಬಿಯಿಂದ ಎಣ್ಣೆ ಬಿಡುತ್ತಿದ್ದವಳು ಜಡೆಯಮ್ಮ. ಕಾಡಿನ ಒಳಗಿನ ಪೋಡಿನಿಂದ, ಅಂದರೆ ಹಾಡಿಯಿಂದ, ಇಳಿದು ಬಂದ ಹೆಂಗಸು, ಐವತ್ತರ ಸುಮಾರು. ಮೊದಲು ಎಲ್ಲರಂತೆ ಮಂಕರಿಯಲ್ಲಿ ಜಲ್ಲಿ ಹೊರುತ್ತಿದ್ದಳು. ಒಂದು ದಿನ ದವಡೆಯಿಂದ ಸಿಡಿದ ಕಲ್ಲು ಎಡ ಮೊಣಕಾಲಿಗೆ ಬಡಿಯಿತು. ಆಮೇಲೆ ಆ ಕಾಲು ಮಡಚಲಿಲ್ಲ. ಎಣ್ಣೆ ಹಾಕುವ ಕೆಲಸ ಕೊಟ್ಟರು. ಆ ಕೆಲಸಕ್ಕೆ ಮೊಣಕಾಲು ಬೇಕಿರಲಿಲ್ಲ, ಕೈ ಸಾಕಿತ್ತು. ಆದರೆ ಆ ಕೈಯನ್ನು ಅವಳು ತಿರುಗುವ ಗಾಲಿಯ ಕಡ್ಡಿಗಳ ನಡುವೆ ತೂರಿಸಿ, ಒಳಗಿನ ಬೇರಿಂಗಿಗೆ ಎಣ್ಣೆ ಬಿಟ್ಟು, ಮುಂದಿನ ಕಡ್ಡಿ ಬರುವುದರೊಳಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ದಿನಕ್ಕೆ ಎಂಟು ಸಲ. ಪ್ರತಿ ಸಲವೂ ನಾನು ಬೇರೆ ಕಡೆ ನೋಡುತ್ತಿದ್ದೆ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಮಧ್ಯಾಹ್ನ ಎಲ್ಲರೂ ಶೆಡ್ಡಿನಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಮುದ್ದೆ, ಹುರುಳಿ ಸಾರು. ಬಡಿಸುವವಳು ಜಡೆಯಮ್ಮ. ನಾನು ಬಂದ ಮೊದಲ ದಿನ ಎಲ್ಲರೂ ಉಂಡು ಎದ್ದು ಹೋದ ಮೇಲೂ ಅವಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತೇ ಇದ್ದಳು. ಒಂದು ಗಂಟೆಯಾಯಿತು, ಎರಡಾಯಿತು. ಪಾತ್ರೆಯಲ್ಲಿ ಮುದ್ದೆ ಇತ್ತು. ಮೂರು ಗಂಟೆಗೆ ನಾನು ಹೋಗಿ, "ಇವತ್ತು ಉಪವಾಸವಾ?" ಎಂದು ಕೇಳಿದೆ.

"ಉಪಾಸ ನೀ ಕೆಡವಿದ್ದು ಕನಪ್ಪ," ಎಂದಳು. "ಬಡಿಸ್ದೋಳ್ಗ ಇನ್ನೊಬ್ರು ಬಡಿಸ್ಬೇಕು. ನಮ್ ಪೋಡ್ಲಿ ಅಂಗೆ. ತಾನೇ ಆಕ್ಕಂಡು ಉಂಡ್ರ ಅದು ಊಟ್ವಾ? ಕದ್ದಂಗೆ. ದಿನಾ ಕ್ರಷರ್ ಓಡ್ಸೋ ಮಾದು ಆಕ್ತಿದ್ದ, ಇವತ್ತು ಅವ್ನು ಬಂದಿಲ್ಲ. ಕೊನೆಗ ಉಂಡೋನು ನೀನು. ನೀ ಕೈ ತೊಳ್ಕಂಡು ಒಂಟೋದೆ."

ಅವತ್ತು ತಣ್ಣಗಾದ ಮುದ್ದೆಯನ್ನು ಅವಳ ತಟ್ಟೆಗೆ ಹಾಕುವಾಗ ನನ್ನ ಕಿವಿ ಬಿಸಿಯಾಗಿತ್ತು.

ಇಂಥವಳ ಕೈ ಉಳಿಯಲಿ ಎಂದು ನಾನು ಕೊಯಮತ್ತೂರಿನ ಹೆಡ್ ಆಫೀಸಿಗೆ ಬರೆದೆ. ಕ್ರಷರಿಗೆ ತಾನಾಗಿ ಎಣ್ಣೆ ಹಾಕುವ ಪಂಪು ಬರುತ್ತದೆ, ಅದನ್ನು ಕೊಡಿಸಬೇಕು, ಕೈಯಿಂದ ಹಾಕುವುದು ಅಪಾಯ ಎಂದು. ಮೂರು ಸಲ ತಿದ್ದಿ, ನಾಲ್ಕನೆಯ ಸಲ ನೀಟಾಗಿ ಬರೆದೆ. ನಾಲ್ಕು ತಿಂಗಳ ಮೇಲೆ ಮ್ಯಾನೇಜರ್ ಚೆನ್ನಿಯಪ್ಪನ್ ನನ್ನನ್ನು ಕರೆದರು. ಅವರು ಪೆರುಂದುರೈ ಕಡೆಯ ತಮಿಳರು. ಹೆಡ್ ಆಫೀಸಿನ ಕಾಗದ ಬಂದರೆ ಎದ್ದು ನಿಂತು ಒಡೆಯುತ್ತಿದ್ದರು.

"ರಾಚಪ್ಪಾ, ಕಡಿದಂ ಬಂದಿದೆ. ನಿನ್ನ ಪಂಪು ಸ್ಯಾಂಕ್ಷನ್. ಸಂತೋಷಂ ತಾನೇ?"

ನಾನು ಕಾಗದ ಓದಿದೆ. ಪಂಪು ಕಳುಹಿಸಿದ್ದೇವೆ ಎಂದಿತ್ತು. ಕೆಳಗೆ ಎರಡನೆಯ ಪ್ಯಾರಾ ಇತ್ತು. ಕೈಯಿಂದ ಎಣ್ಣೆ ಹಾಕುವ ಅಗತ್ಯ ಇಲ್ಲವಾದ ದಿನ ಆ ಹುದ್ದೆಯೂ ಇರುವುದಿಲ್ಲ, ಆ ಕೆಲಸಗಾರ್ತಿಯ ಬಿಡುಗಡೆ ಪತ್ರವನ್ನು ಇದರ ಜೊತೆಗೆ ಇಟ್ಟಿದೆ, ತಾರೀಖು ಮಾತ್ರ ತುಂಬಿಕೊಳ್ಳುವುದು.

"ಸಾರ್, ನಾನು ಇದನ್ನ ಕೇಳಿರಲಿಲ್ಲ."

"ಕೇಳದೇ ಕೊಟ್ಟಿದ್ದಾರೆ ಪಾ. ಅದು ಹೆಡ್ ಆಫೀಸು." ಚೆನ್ನಿಯಪ್ಪನ್ ಬಿಡುಗಡೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಅವಳು ಮತ್ತೆ ಜಲ್ಲಿ ಹೊರಲಿ. ಬೇಡ ಅನ್ನಲ್ಲ ನಾನು."

ಆ ಕಾಲಿನಲ್ಲಿ ಜಲ್ಲಿ ಹೊರುವುದು ಹೇಗೆಂದು ಅವರು ಹೇಳಲಿಲ್ಲ. ಹೊರದಿದ್ದರೆ ಅವಳು ಇದ್ದ ಕಂಪನಿ ಲೈನಿನ ಕೋಣೆಯೂ ಇರುವುದಿಲ್ಲ ಎಂದು ಹೇಳುವ ಅಗತ್ಯವಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಪಂಪು ಸತ್ಯಮಂಗಲದ ಬಸ್ಸಿನಲ್ಲಿ ದಿಂಬದ ಘಾಟಿ ಹತ್ತಿಕೊಂಡು ಬಂತು. ಮೇಲೆ ಕಟ್ಟಿದರೆ ತಿರುವಿನಲ್ಲಿ ಬಿದ್ದೀತೆಂದು ಕಂಡಕ್ಟರ್ ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಅರ್ಧ ಟಿಕೆಟು ಹರಿದಿದ್ದ. ಕ್ರಷರ್ ಓಡಿಸುವ ಮಾದು ಅದನ್ನು ಹೆಗಲ ಮೇಲೆ ಹೊತ್ತು ತಂದ.

"ಏ ಜಡೆಯಮ್ಮೋ, ಬಾ ಇಲ್ಲಿ! ನಿನ್ ಸವತಿ ಬಂದವ್ಳೆ. ಬಸ್ಸಲ್ಲಿ ಸೀಟಿಡ್ಕಂಡು ಬಂದವ್ಳೆ ಕನಮ್ಮಿ!"

"ಬರ್ಲಿ ಬುಡ್ಲಾ. ನಿನ್ ಮೊಕ ನೋಡದ್ಕಿಂತ ಅದ್ನ ನೋಡದು ವಾಸಿ."

ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ, ಹೊಟ್ಟೆಯ ತುಂಬ ಎಣ್ಣೆ ಹಿಡಿಯುವಂಥದ್ದು. ಪಕ್ಕದಲ್ಲಿ ಒಂದು ಸನ್ನೆ, ಅಂದರೆ ಲಿವರು. ಆ ಸನ್ನೆಯನ್ನು ಕ್ರಷರಿನ ಆಡುವ ಭಾಗಕ್ಕೆ ಕಟ್ಟಿದರೆ ದವಡೆ ಅಗಿದಾಗಲೆಲ್ಲ ಅದು ಮೇಲೆ ಕೆಳಗೆ ಆಡಿ, ಹನ್ನೆರಡು ತಾಮ್ರದ ಕೊಳವೆಗಳಲ್ಲಿ ಹನ್ನೆರಡು ಬೇರಿಂಗಿಗೆ ಎಣ್ಣೆ ತಳ್ಳುತ್ತದೆ. ಪ್ರತಿ ಕೊಳವೆಯ ಬುಡದಲ್ಲಿ ಒಂದು ಸಣ್ಣ ಗಾಜು, ತೊಟ್ಟು ಬೀಳುವುದು ಕಾಣಲು. ಒಂದು ತಿರುಪು, ತೊಟ್ಟು ಹೆಚ್ಚು ಕಡಿಮೆ ಮಾಡಲು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆ. ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ, ಪ್ರತಿ ಹೆಜ್ಜೆ ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಒಂದು ಸಲ. ಪಂಪಿಗೆ ಬುನಾದಿ ಎರಡಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳ ಇರಬೇಕು ಎಂದಿತ್ತು. ಹಾಕಿಸಿದೆ. ಪಂಪಿನ ಪಾದ ಸಮವಾಗಿರಬೇಕು ಎಂದಿತ್ತು. ಮಟ್ಟಗೋಲು ಇಟ್ಟು ನೋಡಿದೆ. ಎಣ್ಣೆಯನ್ನು ಸೋಸಿ ತುಂಬಬೇಕು ಎಂದಿತ್ತು. ನನ್ನದೇ ಹೊಸ ಪಂಚೆಯ ಅಂಚು ಹರಿದು ಸೋಸಿದೆ. ಕೊಳವೆಯಲ್ಲಿ ಗಾಳಿ ಉಳಿದರೆ ಎಣ್ಣೆ ಹೋಗುವುದಿಲ್ಲ. ಅದಕ್ಕೆ ಬೇರಿಂಗಿನ ತುದಿಯ ನಟ್ಟು ಸಡಿಲಿಸಿ, ಸನ್ನೆಯನ್ನು ಕೈಯಲ್ಲಿ ಆಡಿಸಿ, ಗುಳ್ಳೆ ನಿಂತು ಬರಿ ಎಣ್ಣೆ ಬಂದ ಮೇಲೆ ನಟ್ಟು ಬಿಗಿಯಬೇಕು. ಹನ್ನೆರಡು ಕೊಳವೆಗೂ ಹಾಗೆ ಮಾಡಿದೆ. ಏಳನೆಯದರಲ್ಲಿ ಒಂದು ಗುಳ್ಳೆ ಉಳಿಯಿತೋ ಏನೋ ಎಂಬ ಅನುಮಾನದಿಂದ ಹನ್ನೆರಡನ್ನೂ ಮತ್ತೆ ಬಿಚ್ಚಿದೆ.

ಕೊನೆಗೆ ಉಳಿದದ್ದು ತಿರುಪು. ಯಾವ ಬೇರಿಂಗಿಗೆ ಎಷ್ಟು ತೊಟ್ಟು? "ಈವರೆಗಿನ ಬಳಕೆಯಂತೆ ಹೊಂದಿಸಿಕೊಳ್ಳಿ" ಎಂದು ಪುಸ್ತಿಕೆ ಹೇಳುತ್ತಿತ್ತು. ಈವರೆಗಿನ ಬಳಕೆ ಗೊತ್ತಿದ್ದವಳು ಜಡೆಯಮ್ಮ ಒಬ್ಬಳೇ. ಅವಳನ್ನು ಕೇಳುವುದೆಂದರೆ ಅವಳ ಬಿಡುಗಡೆ ಪತ್ರಕ್ಕೆ ಅವಳಿಂದಲೇ ಶಾಯಿ ಕೇಳಿದ ಹಾಗೆ. ಎರಡು ದಿನ ಸುತ್ತಾಡಿ ಕೇಳಿಯೇ ಬಿಟ್ಟೆ.

"ಈ ಬೇರಿಂಗಿಗೆ ಎಷ್ಟು ತೊಟ್ಟು ಹಾಕ್ತಿದ್ದೆ, ಜಡೆಯಮ್ಮ?"

"ಸಾಕು ಅನ್ನಗಂಟ."

"ಸಾಕು ಅಂತ ಯಾರು ಅನ್ನೋದು?"

"ಅದೇ ಕನಪ್ಪ! ನೀ ಉಣ್ಣುವಾಗ ಪಕ್ಕದ್ ಮನೆಯೋರು ಬಂದು ಸಾಕು ಅಂದಾರ?"

ಅವಳು ಒಂದು ಬಿದಿರು ಕಡ್ಡಿಯ ತುದಿಯನ್ನು ಬೇರಿಂಗಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡಳು. ಕ್ರಷರ್ ಅಗಿಯುತ್ತಿತ್ತು, ನಾನು ಪಂಪಿನ ಸನ್ನೆಯನ್ನು ಕೈಯಲ್ಲೇ ಆಡಿಸಿ ತೊಟ್ಟು ಬಿಡುತ್ತಿದ್ದೆ. ಅವಳು ಕಣ್ಣು ಮುಚ್ಚಿ, "ಇನ್ನೂ... ಇನ್ನೂ... ಆಂ, ಅಂದ್ತು ನೋಡು, ಸಾಕಂತೆ" ಎಂದಾಗ ನಾನು ತಿರುಪು ನಿಲ್ಲಿಸಿದೆ. ಹೀಗೆ ಹನ್ನೆರಡೂ ಆದವು. ತನ್ನ ಕೆಲಸವನ್ನು ತಾನೇ ಒಂದೊಂದಾಗಿ ಎತ್ತಿ ಆ ಪೆಟ್ಟಿಗೆಗೆ ಕೊಟ್ಟಳು. ಮಾದು ದೂರದಿಂದ, "ಚೆನ್ನಾಗಿ ಏಳ್ಕೊಡು, ನಾಳೆ ಅವ್ಳು ನಿನ್ ಕೋಣೇಲೂ ಮಲೀಕತಾಳೆ" ಎಂದು ಕೂಗಿದ. ಅವಳು ಕಡ್ಡಿ ಬೀಸಿ ಅವನನ್ನು ಓಡಿಸಿದಳು.

ಪಂಪು ಶುರು ಮಾಡುವ ದಿನ ಚೆನ್ನಿಯಪ್ಪನ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ದವಡೆ ಅಗಿಯಿತು, ಸನ್ನೆ ಆಡಿತು, ಹನ್ನೆರಡು ಗಾಜಿನಲ್ಲೂ ತೊಟ್ಟು ಬಿದ್ದವು. ನನಗೇ ನಂಬಿಕೆ ಬರಲಿಲ್ಲ. ಚೆನ್ನಿಯಪ್ಪನ್ ಜೇಬಿನಿಂದ ಬಿಡುಗಡೆ ಪತ್ರ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಇವತ್ತು ತೇದಿ ಎಷ್ಟು?" ಎಂದರು.

ಜಡೆಯಮ್ಮ ಪಂಪಿನ ಸುತ್ತ ಒಂದು ಸಲ ಕುಂಟಿಕೊಂಡು ಬಂದಳು. ಆಮೇಲೆ ಕೇಳಿದಳು:

"ಇದು ಎಲ್ರಿಗೂ ಬಡಿಸ್ತದ, ಸರಿ. ಇದ್ಕ ಬಡಿಸೋರು ಯಾರು?"

"ಅದಕ್ಕೆ ಯಾಕಮ್ಮಾ? ಅದರ ಹೊಟ್ಟೆ ತುಂಬ ಎಣ್ಣೆಯೇ ಇದೆ," ಎಂದರು ಚೆನ್ನಿಯಪ್ಪನ್.

"ನನ್ ಮುಂದ್ಲೂ ಪಾತ್ರೆ ತುಂಬ ಸಾರಿರ್ತದ ಸಾಮಿ. ಯಾರೂ ಬಡಿಸ್ದಿದ್ರ ನಂಗ ಉಪಾಸವೇ. ಕೇಳಿ ಬೇಕಾದ್ರ ಈ ರಾಚಪ್ಪನ್ನ." ಅವಳು ಬುನಾದಿಯ ಅಂಚಿನಲ್ಲಿ ಎಡಗಾಲು ನೀಡಿಕೊಂಡು ಕೂತಳು. "ಇದು ಉಣ್ಣಗಂಟ ನಾ ಏಳಾಕಿಲ್ಲ. ನೀವು ಏನಾರ ಬರ್ಕಳಿ."

ಮಾದು ನಗಲು ಬಾಯಿ ತೆರೆದ. ಆಗಲೇ ಪಂಪು ಕಿರ್ ಎಂದಿತು. ಸನ್ನೆ ಕೂತಿದ್ದ ಕಡೆಯಿಂದ. ಇನ್ನೊಂದು ಸಲ ಕಿರ್ ಎಂದಿತು. ಜಡೆಯಮ್ಮ ಚೆನ್ನಿಯಪ್ಪನ್ ಮುಖ ನೋಡಿದಳು. ನಾನು ಪುಸ್ತಿಕೆ ತೆರೆದೆ. ಹನ್ನೊಂದನೆಯ ಪುಟ, ಎರಡು ಹಾಳೆ ಎಣ್ಣೆಯಲ್ಲಿ ಅಂಟಿಕೊಂಡು ನಾನು ಓದದೇ ಬಿಟ್ಟಿದ್ದ ಪುಟ. ಅದರಲ್ಲಿ ಸ್ಪಷ್ಟವಾಗಿತ್ತು. ಪಂಪಿನ ಸನ್ನೆಯ ಬೇರಿಂಗಿಗೆ ಪಂಪಿನ ಎಣ್ಣೆ ತಲುಪುವುದಿಲ್ಲ, ಅದರ ಬಟ್ಟಲಿಗೆ ದಿನವೂ ಕೈಯಿಂದ ಎಣ್ಣೆ ಹಾಕತಕ್ಕದ್ದು.

ಒಂದು ಪುಟ ಓದದೇ ಬಿಟ್ಟಿದ್ದೆನಲ್ಲ ಎಂದು ಮೊದಲು ನಾಚಿಕೆಯಾಯಿತು. ಸಂತೋಷ ಆಮೇಲೆ ಆಯಿತು. ಕನ್ನಡ ಮಾಡಿ ಹೇಳಿದೆ. ಚೆನ್ನಿಯಪ್ಪನ್ ಪೆನ್ನಿಗೆ ಮುಚ್ಚಳ ಹಾಕಿದರು. ಕೈಯಿಂದ ಎಣ್ಣೆ ಹಾಕುವ ಅಗತ್ಯ ಇಲ್ಲವಾದ ದಿನ ಎಂದು ತಾನೇ ಕಾಗದದಲ್ಲಿ ಇದ್ದದ್ದು? ಅಗತ್ಯ ಇದೆ. ಪತ್ರ ಮತ್ತೆ ನಾಲ್ಕು ಮಡಿಕೆಯಾಗಿ ಜೇಬಿಗೆ ಹೋಯಿತು. ಜಡೆಯಮ್ಮ ಬಟ್ಟಲಿಗೆ ಎರಡು ತೊಟ್ಟು ಬಿಟ್ಟಳು. ಕಿರಿಕಿರಿ ನಿಂತಿತು.

"ಅಸಿದಿತ್ತು, ಪಾಪ," ಎಂದಳು.

ಚೆನ್ನಿಯಪ್ಪನ್ ಇದ್ದದ್ದನ್ನು ಇದ್ದ ಹಾಗೆ ಹೆಡ್ ಆಫೀಸಿಗೆ ಬರೆದರು. ಒಂದು ವರ್ಷದ ಮೇಲೆ ಉತ್ತರ ಬಂತು. ಪಂಪಿಗೆ ಎಣ್ಣೆ ಹಾಕಲು ಆಳು ಬೇಕಾಗಿದೆ ಎಂಬುದು ತಿಳಿಯಿತು, ಆ ಕೆಲಸಕ್ಕಾಗಿ ಒಂದು ಪಂಪು ಕಳುಹಿಸಿದೆ.

ಎರಡನೆಯದು ಚಿಕ್ಕದು. ಕಂಡಕ್ಟರ್ ತನ್ನ ಮಡಿಲಲ್ಲಿಟ್ಟುಕೊಂಡು ತಂದ, ಟಿಕೆಟು ಹರಿಯಲಿಲ್ಲ. ಪುಸ್ತಿಕೆ ಮಾತ್ರ ಅದೇ, ಹಾಗಾಗಿ ಬುನಾದಿಯೂ ಅದೇ, ಎರಡಡಿಗೆ ಎರಡಡಿ. ಅದರ ಸನ್ನೆಯನ್ನು ಮೊದಲ ಪಂಪಿನ ಸನ್ನೆಗೆ ಕಟ್ಟಿದೆ. ಮೊದಲನೆಯದು ಆಡಿದಾಗ ಎರಡನೆಯದು ಆಡಿ, ಮೊದಲನೆಯದರ ಬಟ್ಟಲಿಗೆ ಎಣ್ಣೆ ಬಿಡುತ್ತಿತ್ತು. ಚೆನ್ನಿಯಪ್ಪನ್ ಪತ್ರ ತೆಗೆದರು. ಈ ಸಲ ಹನ್ನೊಂದನೆಯ ಪುಟ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಅವರೇ ತೆಗೆದು ನನಗೆ ಕೊಟ್ಟು, "ಓದು ಪಾ" ಎಂದರು. ಎರಡನೆಯದಕ್ಕೂ ಒಂದು ಬಟ್ಟಲಿತ್ತು. ಪತ್ರ ಜೇಬಿಗೆ ಹೋಯಿತು.

1982ರಲ್ಲಿ ಮೂರನೆಯದು ಬಂತು, ಹೊಗೆಸೊಪ್ಪಿನ ಡಬ್ಬಿಯಷ್ಟು. ಕಂಡಕ್ಟರ್ ಅದನ್ನು ತನ್ನ ಊಟದ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಸ್ವಲ್ಪ ಉಪ್ಪಿನಕಾಯಿ ಅಂಟಿತ್ತು. ಅದನ್ನು ಎರಡಡಿ ಬುನಾದಿಯ ನಡುವೆ ಕೂರಿಸಿದಾಗ ದೊಡ್ಡ ಮೈದಾನದಲ್ಲಿ ಯಾರೋ ಪೆಟ್ಟಿಗೆ ಮರೆತು ಹೋದ ಹಾಗಿತ್ತು. ಬುನಾದಿ ಚಿಕ್ಕದು ಮಾಡಬಹುದೆಂದು ನನಗೆ ಅನ್ನಿಸದೆ ಇರಲಿಲ್ಲ. ಆದರೆ ಪುಸ್ತಿಕೆ ಬರೆದವರು ಹಗಲು ಓದಿದವರಿರಬೇಕು.

ಅಷ್ಟರಲ್ಲಿ ಪಂಪುಗಳ ಮೇಲೆ ಕಲ್ಲುಪುಡಿ ಬೀಳಬಾರದೆಂದು ಹೆಡ್ ಆಫೀಸು ತಗಡಿನ ಚಾವಣಿ ಕಳುಹಿಸಿತು. ಚಾವಣಿ ಸರಿಯಾಗಿ ಪಂಪುಗಳಷ್ಟೇ ಅಗಲ ಇತ್ತು. ಮೂರು ಪಂಪುಗಳು ನೆರಳಿನಲ್ಲಿ ಸಾಲಾಗಿ ನಿಂತು ಒಂದಕ್ಕೊಂದು ಬಡಿಸಿಕೊಳ್ಳುತ್ತಿದ್ದವು. ಜಡೆಯಮ್ಮ ಬಿಸಿಲಿನಲ್ಲಿ ನಿಂತು ಕೊನೆಯದಕ್ಕೆ ಬಡಿಸುತ್ತಿದ್ದಳು. ಮೊದಲು ಹನ್ನೆರಡು ಕಡೆ ದಿನಕ್ಕೆ ಎಂಟು ಸಲ ಹಾಕುತ್ತಿದ್ದ ಕೆಲಸ ಈಗ ದಿನಕ್ಕೆ ಒಂದೇ ತೊಟ್ಟಿಗೆ ಬಂದಿತ್ತು. ಅವಳ ಕೈ ಈಗ ಗಾಲಿಯ ಹತ್ತಿರವೂ ಹೋಗುತ್ತಿರಲಿಲ್ಲ. ನಾನು ಬಯಸಿದ್ದು ಅದನ್ನೇ. ಆದರೂ ಹೊಸ ಪಂಪು ಬರುತ್ತದೆಂದು ಗೊತ್ತಾದಾಗಲೆಲ್ಲ ನನಗೆ ನಿದ್ದೆ ಬರುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಈ ಸಾಲು ನಿಲ್ಲಬೇಕಲ್ಲ.

ಮಾದುವಿಗೆ ಮಾತ್ರ ಹಬ್ಬ. "ಅಜ್ಜ, ಮಗ, ಮೊಮ್ಮಗ," ಎಂದು ಕೋಲಿನಿಂದ ಒಂದೊಂದನ್ನೂ ತೋರಿಸುತ್ತಿದ್ದ. "ಇಂಗೇ ಓದ್ರ ಕೊನೆಗ ಸಾಸ್ವೆ ಕಾಳಷ್ಟು ಪಂಪ್ ಬತ್ತದ. ಜಡೆಯಮ್ಮ ಅದ್ನ ಸೊಂಟ್ದಲ್ಲಿ ಸಿಗಿಸ್ಕಂಡು ಸಂತೆಗ ಓಯ್ತಾಳೆ."

"ನಿನ್ ನಾಲ್ಗೆಗೊಂದು ಪಂಪ್ ಬರ್ಲಿ ಕಣ್ಲಾ," ಎಂದಳು ಅವಳು. "ಅದು ಒಣ್ಗದೇ ಇಲ್ವಲ್ಲ."

1983ರ ಮಾರ್ಚಿನಲ್ಲಿ ನಾಲ್ಕನೆಯದು ಬಂತು. ಬಸ್ಸಿನಲ್ಲಲ್ಲ, ಟಪಾಲಿನಲ್ಲಿ. ಬೆಂಕಿಪೊಟ್ಟಣದಷ್ಟು, ಹಿತ್ತಾಳೆಯದು, ನಯವಾಗಿ ಹೊಳೆಯುತ್ತಿತ್ತು. ಜೊತೆಗೆ ಹೊಸ ಪುಸ್ತಿಕೆ, ಒಂದೇ ಹಾಳೆ. ನಾನು ಹನ್ನೊಂದನೆಯ ಪುಟ ಹುಡುಕಿದೆ. ಅದರಲ್ಲಿ ಪುಟಗಳೇ ಇರಲಿಲ್ಲ. ಒಂದು ವಾಕ್ಯವನ್ನು ನಿಘಂಟು ನೋಡದೆಯೇ ಓದಿದೆ. ಸನ್ನೆಯ ಬೇರಿಂಗಿನೊಳಗೆ ಗ್ರೀಸು ತುಂಬಿ ಕಾರ್ಖಾನೆಯಲ್ಲೇ ಮುಚ್ಚಲಾಗಿದೆ, ಇದಕ್ಕೆ ಯಾವ ಕಾಲಕ್ಕೂ ಎಣ್ಣೆ ಬೇಡ.

ಹೆಡ್ ಆಫೀಸು ಈ ಸಲ ಒಂದು ಅಚ್ಚು ಹಾಕಿದ ನಮೂನೆಯನ್ನೂ ಕಳುಹಿಸಿತ್ತು. ನಾನು ತುಂಬಿ ಸಹಿ ಮಾಡಬೇಕು. ಪ್ರಶ್ನೆ ಒಂದೇ. "ಅಳವಡಿಸಿದ ಯಂತ್ರಕ್ಕೆ ಕೈಯಿಂದ ಎಣ್ಣೆ ಹಾಕುವ ಅಗತ್ಯವಿದೆಯೇ? ಇದೆ / ಇಲ್ಲ."

"ನಾಳೆ ಟಪಾಲಿಗೆ ಹಾಕಬೇಕು," ಎಂದರು ಚೆನ್ನಿಯಪ್ಪನ್. ನಾಲ್ಕು ವರ್ಷದಲ್ಲಿ ಅವರ ಜೇಬಿನ ಪತ್ರ ಬೆವರಿಗೆ ಹಳದಿಯಾಗಿ, ಮಡಿಕೆಗಳಲ್ಲಿ ಹರಿದಿತ್ತು. ಒಗೆಯಲು ಅಂಗಿ ಬಿಚ್ಚುವಾಗಲೆಲ್ಲ ಅದನ್ನು ತೆಗೆದು ಬೇರೆ ಅಂಗಿಗೆ ಹಾಕಿಕೊಂಡಿದ್ದರು, ಒಂದು ದಿನವೂ ತಪ್ಪಿಸಿರಲಿಲ್ಲ. "ನೀನು ಸುಳ್ಳು ಬರೆಯೋ ಆಳಲ್ಲ. ನಾನೂ ಸುಳ್ಳಿಗೆ ಸಹಿ ಹಾಕೋ ಆಳಲ್ಲ. ಏನಿದೆಯೋ ಅದನ್ನ ಬರಿ."

ಬುನಾದಿ ಹಾಕಿಸಿ, ನಾಲ್ಕನೆಯದನ್ನು ಕೂರಿಸಿದೆ. ಜಡೆಯಮ್ಮ ಬಂದು, ಅದನ್ನು ಬೆರಳಿನಿಂದ ಸುತ್ತಲೂ ಸವರಿದಳು. ಮೇಲೆ, ಪಕ್ಕಕ್ಕೆ, ಕೆಳಗೆ. ಮತ್ತೆ ಮೊದಲಿಂದ ಸವರಿದಳು.

"ಇದ್ಕ ಬಾಯೇ ಇಲ್ವಲ್ಲ ರಾಚಪ್ಪ?"

"ಇಲ್ಲ. ಒಳಗೇ ತುಂಬಿ ಕಳಿಸಿದಾರೆ. ಎಣ್ಣೆ ಬೇಡ ಇದಕ್ಕೆ."

"ಬೇಡ ಅಂತ ಇದು ಅಂದ್ತಾ, ಅವ್ರು ಅಂದ್ರಾ?"

ಅವಳು ಬಹಳ ಹೊತ್ತು ಅದನ್ನು ನೋಡಿದಳು. ತನ್ನ ಕೆಲಸ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಮಾದು ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದ. ಆದರೂ ಅವಳು ಆ ಕ್ಷಣ ಮರುಗಿದ್ದು ಆ ಹಿತ್ತಾಳೆ ಡಬ್ಬಿಗೆ ಎಂದು ನನಗೆ ಅನ್ನಿಸಿತು. ಆಮೇಲೆ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟು, ಜಲ್ಲಿ ರಾಶಿಯ ಹತ್ತಿರ ಹೋಗಿ, ಬಿದ್ದಿದ್ದ ಒಂದು ಮಂಕರಿ ಎತ್ತಿಕೊಂಡಳು. ಅರ್ಧ ತುಂಬಿಸಿಕೊಂಡಳು. ಸಿಂಬಿ ಇಟ್ಟು ತಲೆಯ ಮೇಲೆ ಏರಿಸಿಕೊಂಡಳು. "ಎಂಟೊಂಬತ್ತು ವರ್ಷ ಒತ್ತಿದ್ದೆ, ಮರ್ತೋದದಾ?" ಎಂದು ತನಗೆ ತಾನೇ ಹೇಳಿಕೊಂಡಳು.

ಮಡಚದ ಕಾಲನ್ನು ಪಕ್ಕಕ್ಕೆ ಬೀಸಿ ಬೀಸಿ ಹೆಜ್ಜೆ ಹಾಕಿದಳು. ಹನ್ನೊಂದನೆಯ ಹೆಜ್ಜೆಗೆ ಕಾಲು ಜಲ್ಲಿಯ ಮೇಲೆ ಜಾರಿತು. ಮಂಕರಿ ಮುಂದಕ್ಕೆ ಬಿತ್ತು, ಅವಳು ಪಕ್ಕಕ್ಕೆ ಬಿದ್ದಳು. ಮಾದು ಕ್ರಷರ್ ಬಿಟ್ಟು ಓಡಿ ಬಂದ. ಅವನ ಬಾಯಿಂದ ಆ ದಿನ ಒಂದು ತಮಾಷೆಯೂ ಬರಲಿಲ್ಲ. ಅವಳು ಅವನ ಕೈ ತಳ್ಳಿ, ಕೂತ ಕಡೆಯೇ ಚೆಲ್ಲಿದ ಜಲ್ಲಿಯನ್ನು ಒಂದೊಂದಾಗಿ ಮಂಕರಿಗೆ ಹಾಕತೊಡಗಿದಳು.

"ನಾಳ್ಕ ಅಭ್ಯಾಸ ಆಯ್ತದ ಬುಡು," ಎಂದಳು.

ಮಧ್ಯಾಹ್ನದ ಊಟಕ್ಕೆ ಕ್ರಷರ್ ನಿಂತಿತು. ಎಲ್ಲರೂ ಶೆಡ್ಡಿಗೆ ಹೋದರು. ನಾನು ಹೋಗಲಿಲ್ಲ. ನಮೂನೆಯನ್ನು ಹೊರತೆಗೆದು ಓದಿದೆ. ಇದೆ, ಇಲ್ಲ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಇದು ಒಳ್ಳೆಯ ಗುಣವೋ, ಸಿಕ್ಕಿಬೀಳುವ ಹೆದರಿಕೆಯೋ ನನಗೇ ತಿಳಿಯದು. ಪ್ರಶ್ನೆಯನ್ನು ಮತ್ತೆ ಓದಿದೆ. "ಅಳವಡಿಸಿದ ಯಂತ್ರಕ್ಕೆ" ಎಂದಿತ್ತು. ಕಾರ್ಖಾನೆಯಿಂದ ಬಂದ ಯಂತ್ರಕ್ಕೆ ಎಂದಿರಲಿಲ್ಲ. ನಾನು ಅಳವಡಿಸಿದ ಮೇಲೆ ಅದು ಹೇಗಿದೆ ಎಂಬುದೇ ಪ್ರಶ್ನೆ. ಅಳವಡಿಸುವವನು ನಾನು.

ಕೈ ಡ್ರಿಲ್ ತಂದೆ. ಆರು ಮಿಲಿಮೀಟರಿನ ಬಿಟ್ಟು ಹಾಕಿದೆ. ಕಂಪನಿಯ ವಸ್ತು ಹಾಳು ಮಾಡುತ್ತಿದ್ದೇನೆ ಎಂಬುದು ಗೊತ್ತಿತ್ತು. ಹಾಗೆಂದು ಹೇಗೆಂದರೆ ಹಾಗೆ ತೂತು ಮಾಡಲು ಮನಸ್ಸು ಒಪ್ಪಲಿಲ್ಲ. ಸ್ಕೇಲು ಇಟ್ಟು ನಡು ಗುರುತಿಸಿದೆ, ಪಂಚಿನಿಂದ ಚುಕ್ಕಿ ಹೊಡೆದೆ, ನೇರವಾಗಿ ಕೊರೆದೆ. ಹಿತ್ತಾಳೆಯ ಸುರುಳಿ ಸುರುಳಿ ಚೂರುಗಳು ಬುನಾದಿಯ ಮೇಲೆ ಬಿದ್ದವು. ಒಳಗಿನ ಗ್ರೀಸು ಕಂಡಿತು. ಅದು ಉಳಿದರೆ ಎಣ್ಣೆಯ ಅಗತ್ಯ ಅರ್ಧ ಸುಳ್ಳಾಗುತ್ತದೆ. ಸೀಮೆಎಣ್ಣೆ ಹಾಕಿ ತೊಳೆದು, ಅಷ್ಟೂ ಗ್ರೀಸು ತೆಗೆದೆ. ತೂತಿನ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದೆ. ಒಳಗೆ ಧೂಳು ಹೋಗಬಾರದಲ್ಲ, ಅದಕ್ಕೆ ತಗಡಿನ ಒಂದು ಪುಟ್ಟ ಮುಚ್ಚಳ ಮಾಡಿ ಕೂರಿಸಿದೆ. ಸನ್ನೆಯನ್ನು ಕೈಯಲ್ಲಿ ಆಡಿಸಿದೆ. ಕಿರ್ ಎಂದಿತು. ನನ್ನ ಎಂಟು ವರ್ಷದ ಕೆಲಸದಲ್ಲಿ ಯಂತ್ರವೊಂದು ಕಿರುಗುಟ್ಟಿದ್ದಕ್ಕೆ ಸಂತೋಷಪಟ್ಟದ್ದು ಅದೊಂದೇ ಸಲ.

ನಮೂನೆಯಲ್ಲಿ "ಇಲ್ಲ" ಎಂಬುದನ್ನು ಹೊಡೆದು ಹಾಕಿ ಸಹಿ ಮಾಡುತ್ತಿದ್ದಾಗ ಹಿಂದೆ ನೆರಳು ಬಿತ್ತು. ಚೆನ್ನಿಯಪ್ಪನ್ ನಿಂತಿದ್ದರು. ಅವರು ನಮೂನೆ ನೋಡಿದರು. ಪಂಪು ನೋಡಿದರು. ಬುನಾದಿಯ ಮೇಲಿನ ಹಿತ್ತಾಳೆ ಚೂರುಗಳನ್ನು ನೋಡಿದರು. ನಾನು ಎದ್ದು ನಿಂತೆ.

ಅವರು ಬಗ್ಗಿ ತಾವೇ ಸನ್ನೆ ಆಡಿಸಿದರು. ಕಿರ್ ಎಂದಿತು.

"ಅಗತ್ಯ ಇದೆಯಾ?"

"ಈಗ ಇದೆ ಸಾರ್."

"ನಾನು ಕೇಳಿದ್ದು ಈಗಿನದೇ ಪಾ." ಜೇಬಿನಿಂದ ಬಿಡುಗಡೆ ಪತ್ರ ತೆಗೆದರು. ಅದನ್ನು ಬಿಡಿಸಲು ಹೋದಾಗ ಮಡಿಕೆಗಳಲ್ಲಿ ನಾಲ್ಕು ತುಂಡಾಯಿತು. ಆ ತುಂಡುಗಳನ್ನು ಒಟ್ಟಿಗೆ ಹಿಡಿದು, ಬುನಾದಿಯ ಮೇಲಿನ ಚೂರುಗಳನ್ನೆಲ್ಲ ಅವುಗಳಲ್ಲಿ ಗೋರಿ, ಪೊಟ್ಟಣ ಕಟ್ಟಿ, ಜಲ್ಲಿ ರಾಶಿಯ ಆಚೆಗೆ ಎಸೆದರು. ನಮೂನೆಯಲ್ಲಿ ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿ, ತಾರೀಖು ಬರೆದರು. ನಾಲ್ಕು ವರ್ಷದಿಂದ ಬರೆಯಲು ಕಾಯುತ್ತಿದ್ದ ತಾರೀಖು ಹಾಗೆ ಬೇರೆ ಕಾಗದದ ಮೇಲೆ ಬಿತ್ತು.

"ಜಡೆಯಮ್ಮಾ!" ಎಂದು ಕೂಗಿದರು. "ಇಂಗೆ ವಾಮ್ಮಾ. ಇದಕ್ಕೆ ಬಾಯಿ ಇದೆಯಂತೆ. ನೀನೇ ಸರಿಯಾಗಿ ನೋಡಲಿಲ್ಲ."

ಅವಳು ಕುಂಟುತ್ತ ಬಂದಳು. ತಗಡಿನ ಮುಚ್ಚಳ ಎತ್ತಿ, ತೂತಿನ ಸುತ್ತ ಬೆರಳಾಡಿಸಿದಳು. ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು. ಬಿದಿರು ಕಡ್ಡಿ ಕಿವಿಗಿಟ್ಟುಕೊಂಡು ಒಂದು ತೊಟ್ಟು ಬಿಟ್ಟಳು. ಕೇಳಿಸಿಕೊಂಡಳು. ಇನ್ನರ್ಧ ತೊಟ್ಟು ಬಿಟ್ಟಳು.

"ಸಾಕಂತೆ," ಎಂದಳು. "ಬನ್ನಿ, ಮುದ್ದೆ ಆರೋಯ್ತದ."

ನನ್ನ ಊಟ ಆಗಿರಲಿಲ್ಲ, ಚೆನ್ನಿಯಪ್ಪನ್ ಅವರದೂ ಆಗಿರಲಿಲ್ಲ. ಅವರು ಆ ಶೆಡ್ಡಿನೊಳಗೆ ಎಂದೂ ಕೂತವರಲ್ಲ, ಮನೆಯಿಂದ ಮೂರು ಡಬ್ಬಿಯ ಕ್ಯಾರಿಯರ್ ಬರುತ್ತಿತ್ತು. ಅವತ್ತು ಏನಾಯಿತೋ, ನನ್ನ ಪಕ್ಕದಲ್ಲಿ ಬಂದು ಕೂತರು. ಜಡೆಯಮ್ಮ ಇಬ್ಬರಿಗೂ ಬಡಿಸಿದಳು. ಅವರು ಮುದ್ದೆಯನ್ನು ಇಡ್ಲಿಯ ಹಾಗೆ ಮುರಿದು, ಅಗಿದು ಅಗಿದು ನುಂಗಿದರು. ಊಟ ಮುಗಿಸಿ ಏಳಲು ಹೊರಟವರು, ಎದುರಿಗೆ ಜಡೆಯಮ್ಮ ಖಾಲಿ ತಟ್ಟೆ ಇಟ್ಟುಕೊಂಡು ಕಾಲು ನೀಡಿ ಕೂತಿರುವುದನ್ನು ಕಂಡರು. ನಾನು ಬೇಗ ಎದ್ದೆ. ಅವರು ಕೈ ಅಡ್ಡ ಹಿಡಿದರು.

"ಕೊನೆಯಲ್ಲಿ ಉಂಡವನು ನಾನು ತಾನೇ?" ಎಂದರು.

ಮುದ್ದೆ ಹಾಕಿದರು. ಸೌಟು ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಸಾರು ಬಿಟ್ಟರು. "ಎಷ್ಟಮ್ಮಾ?" ಎಂದು ಕೇಳಿದರು.

"ಸಾಕು ಅನ್ನಗಂಟ, ಸಾಮಿ."

ಒಂದು ಸೌಟು ಹಾಕಿದರು. ಎರಡು ಹಾಕಿದರು. ಮುದ್ದೆ ಅರ್ಧ ಮುಳುಗಿತು. ಮಾದು ಬಾಗಿಲಲ್ಲಿ ಬಂದು ನಿಂತ. ಮೂರನೆಯ ಸೌಟಿಗೆ ಸ್ವಲ್ಪ ಸಾರು ಅಂಚು ದಾಟಿ ಅವರ ಇಸ್ತ್ರಿ ಪಂಚೆಯ ಮೇಲೆ ಚೆಲ್ಲಿತು. ಚೆನ್ನಿಯಪ್ಪನ್ ಅವಳ ಮುಖ ನೋಡಿದರು. ಅವಳು ಕಣ್ಣು ಮುಚ್ಚಿ, ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಕೂತಿದ್ದಳು. ಸಾಕು ಅನ್ನಲಿಲ್ಲ. ಅವರು ನಾಲ್ಕನೆಯ ಸೌಟು ಅದ್ದಿದರು.